ಅತ್ತಿಗೆ ಬದುಕಿಸಿದ ದಾಸವಾಳ

ಇದರಲ್ಲಿ ಒಂದಕ್ಷರ ಸುಳ್ಳಿದ್ದರೂ ನನ್ನ ನಾಲಿಗೆ ಬಿದ್ದುಹೋಗಲಿ. ಪಕ್ಕದ ಮನೆಯ ದರ್ಜಿ ತನ್ನ ಮುದಿ ದಾಸವಾಳವನ್ನು ಬುಡಸಮೇತ ಕೀಳಲು ಗುದ್ದಲಿ ಎತ್ತಿದ್ದ. ಎಲೆಯೆಲ್ಲ ಹಳದಿ, ಕೊಂಬೆ ತುಂಬ ಬಿಳಿ ಹುಳು, ಎರಡು ವರ್ಷದಿಂದ ಒಂದು ಹೂವಿಲ್ಲ. ಗಿಡ ನೆಟ್ಟವಳು ಅವನ ಹೆಂಡತಿ. ಪಾಪ, ಬಾಗಿಲಲ್ಲಿ ಮುಖ ಸಣ್ಣದು ಮಾಡಿಕೊಂಡು ನಿಂತಿದ್ದಳು. ನೋಡಲಾಗದೆ ನಾನು ಕಾಂಪೌಂಡಿನಾಚೆಯಿಂದ ಕೂಗಿದೆ.

"ತಡಿಯಯ್ಯಾ! ನಮ್ಮತ್ತಿಗೆ ಗಿಡ ಇದಕ್ಕಿಂತ ಕಡೆಯಾಗಿತ್ತು."

"ಶುರುವಾಯ್ತಾ ನಿಂದು?"

"ಕೇಳು. ಅವರು ಹಳೇ ಕೊಂಬೆಗಳಲ್ಲಿ ಮೂರಕ್ಕೆ ಒಂದನ್ನ ಮಾತ್ರ ಗರಗಸದಲ್ಲಿ ಬುಡಕ್ಕೆ ಕೊಯ್ದ್ರು. ಉಳಿದಿದ್ದು ಮುಂದಿನ ವರ್ಷಕ್ಕೆ. ಒಂದೇ ಸಲ ಬೋಳಿಸಿದ್ರೆ ಗಿಡ ಗಾಬರಿ ಬೀಳುತ್ತಂತೆ. ಹಳೇ ಬ್ರಷ್ಷು, ಸೋಪಿನ ನೀರು ತಗೊಂಡು ಹುಳುನೆಲ್ಲ ತಿಕ್ಕಿ ತೆಗೆದ್ರು. ಮಗೂಗೆ ಸ್ನಾನ ಮಾಡಿಸಿದ ಹಾಗೆ! ಅಂಥ ತಾಳ್ಮೆ ನಾನೆಲ್ಲೂ ಕಂಡಿಲ್ಲ."

"ಆಮೇಲೆ?" ದರ್ಜಿ ಗುದ್ದಲಿ ಇಳಿಸಿದ.

"ಎರಡೇ ತಿಂಗಳಿಗೆ ಚಿಗುರು! ಬೆಳಗ್ಗೆ ಅಣ್ಣ ಅದರ ಮೇಲೆ ಅಂಗಿ ಒಣಗಹಾಕಿದ. ಸಂಜೆ ತೆಗೆಯೋಕೆ ಏಣಿ ಬೇಕಾಯ್ತು."

"ಬಿಡು ಬಿಡು, ರೈಲು!"

"ನಿನ್ನಾಣೆಗೂ! ಹೂವೋ, ಒಂದೊಂದೂ ಕೊಡೆಯಷ್ಟು. ಮಳೇಲಿ ಅತ್ತಿಗೆ ಒಂದನ್ನ ಹಿಡ್ಕೊಂಡು ಅಂಗಡಿಗೆ ಹೋದ್ರೆ, ಅಂಗಡಿಯವನು ‘ಈ ಕೊಡೆ ಎಲ್ಲಿ ತಗೊಂಡ್ರಮ್ಮಾ’ ಅಂತ ಕೇಳಿದ. ಅದಕ್ಕೆ ಅವರು ಏನಂದ್ರು ಗೊತ್ತಾ, ಇದು ನಮ್ಮ—"

ದರ್ಜಿ ಗುದ್ದಲಿಯನ್ನು ಅಲ್ಲೇ ಬಿಸಾಕಿ ಮನೆಯತ್ತ ಹೊರಟೇಬಿಟ್ಟ.

"ಏನೇ, ಗರಗಸ ಎಲ್ಲಿಟ್ಟಿದ್ದೀಯ?"