ನಲವತ್ತು ಜನರ ಹುಬ್ಬು

ಕಟ್ಟುವ ಮೊದಲೇ ಮಾರಬೇಕಾದ ಕಟ್ಟಡಗಳ ಪುಟ್ಟ ಮಾದರಿಗಳನ್ನು ನನ್ನ ತಮ್ಮನ ವರ್ಕ್‌ಶಾಪಿನಲ್ಲಿ ಮಾಡುತ್ತಾರೆ. ಅವುಗಳ ಮುಂದೆ ಓಡಾಡುವ, ಹೆಬ್ಬೆರಳಿನ ಉಗುರಿನಷ್ಟು ಎತ್ತರದ ಜನಕ್ಕೆ ಮನೆಯಲ್ಲೇ ಕೂತು ಬಣ್ಣ ಹಚ್ಚುವವಳು ನಾನು. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ತಮ್ಮನಿಗೆ ಕುಂಚ ಹಿಡಿಯಲು ಕಲಿಸಿದವಳೂ ನಾನೇ. ಅದನ್ನು ಅವನು ಮರೆತಂತೆ ಕಂಡಾಗಲೆಲ್ಲ ನೆನಪಿಸುತ್ತೇನೆ.

ಈಚೆಗೆ ನನ್ನ ಜನರ ಹುಬ್ಬುಗಳು ಸೊಟ್ಟಗಾಗತೊಡಗಿದ್ದವು.

"ಅಕ್ಕಾ, ಎಲ್ರೂ ಸಿಟ್ಟಾಗಿರೋ ಹಾಗೆ ಕಾಣ್ತಾರೆ," ಎಂದ ತಮ್ಮ. "ಇಂಥವರ ಪಕ್ಕದಲ್ಲಿ ಮನೆ ಯಾರು ತಗೋತಾರೆ? ಸೋಮವಾರ ನಲವತ್ತು ಜನ ಬೇಕು. ಅವರೂ ಹೀಗೇ ಆದ್ರೆ ನೀನು ಮರ ಮಾಡ್ಕೊಂಡಿರು."

ನಮ್ಮಲ್ಲಿ ಮರ ಮಾಡುವುದೆಂದರೆ ತಂತಿಗೆ ಹಸಿರು ಸ್ಪಂಜಿನ ಚೂರು ಅಂಟಿಸುವುದು. ಕಣ್ಣು ಮುಚ್ಚಿಕೊಂಡೂ ಮಾಡಬಹುದು. ನನಗೆ ಮೈಯೆಲ್ಲ ಉರಿಯಿತು. ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು.

ಕೈ ನಡುಗುತ್ತಿದೆ ಎಂದು ನನಗೂ ಗೊತ್ತಿತ್ತು. ಬಲಗೈಗೆ ಎಣ್ಣೆ ತಿಕ್ಕಿದೆ, ಬಿಸಿನೀರಿನಲ್ಲಿ ಅದ್ದಿದೆ, ಪಟ್ಟಿ ಸುತ್ತಿದೆ. ಮೂರು ಕುಂಚ ಬದಲಾಯಿಸಿದೆ. "ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ," ಎಂದರು ನಮ್ಮತ್ತೆ, ನನಗೆ ಕೇಳಲಿ ಎಂದೇ.

ಶನಿವಾರ ಮಧ್ಯಾಹ್ನ ಎಡಗೈ ಬೆರಳುಗಳ ನಡುವಿನಿಂದ ಒಬ್ಬ ಗಂಡಸು ಮೂರನೆಯ ಸಲ ಜಾರಿ ಬಿದ್ದ. ಸಿಟ್ಟು ಬಂತು. ಅತ್ತೆಯ ಖಾಲಿ ಮಾತ್ರೆ ಡಬ್ಬಿಯ ಮುಚ್ಚಳದ ಮೇಲೆ ಒಂದು ತೊಟ್ಟು ಮೇಣ ಕರಗಿಸಿ ಅವನನ್ನು ಅಂಟಿಸಿ ನಿಲ್ಲಿಸಿದೆ. ಡಬ್ಬಿಯನ್ನು ಎಡಮುಷ್ಟಿಯಲ್ಲಿ ಹಿಡಿದು ಮೇಜಿಗೆ ಒತ್ತಿ, ಬಲಗೈಯ ಕಿರುಬೆರಳನ್ನು ಮುಚ್ಚಳದ ಅಂಚಿಗೆ ಊರಿ ಹುಬ್ಬು ಎಳೆದೆ. ನೇರವಾಗಿ ಬಂತು. ಇನ್ನೊಂದೂ ಬಂತು.

ನಡುಗುತ್ತಿದ್ದದ್ದು ಕುಂಚ ಹಿಡಿದ ಕೈಯಲ್ಲ, ಮನುಷ್ಯನನ್ನು ಹಿಡಿದ ಕೈ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ ಇಷ್ಟು ದಿನ ಬಲಗೈಯನ್ನು ಬೈದಿದ್ದೆ. ಖುಷಿಗೆ ಕಣ್ಣಲ್ಲಿ ನೀರು ಬಂತು. ಆ ಗಂಡಸಿನ ಮೇಲೆ ಬೀಳದಂತೆ ಪಕ್ಕಕ್ಕೆ ತಿರುಗಿ ಒರೆಸಿಕೊಂಡೆ; ಬಣ್ಣ ಇನ್ನೂ ಹಸಿಯಾಗಿತ್ತು.

ಸೋಮವಾರ ತಮ್ಮ ಭೂತಗನ್ನಡಿ ಹಿಡಿದು ನಲವತ್ತು ಜನರನ್ನೂ ಒಬ್ಬೊಬ್ಬರಾಗಿ ನೋಡಿದ.

"ಯಾರ ಹತ್ರ ಮಾಡಿಸ್ದೆ?"

"ನಾನೇ ಮಾಡಿದ್ದು."

"ಸುಳ್ಳು ಹೇಳ್ಬೇಡ. ಎಲ್ಲಿ, ಕೈ ತೋರ್ಸು."

ಬಲಗೈ ಚಾಚಿದೆ. ಅದು ಕದಲಲಿಲ್ಲ. ಅಲ್ಲಿಗೇ ಬಿಡಬಹುದಿತ್ತು, ಆದರೆ ಸುಳ್ಳಿ ಅನ್ನಿಸಿಕೊಂಡು ಸುಮ್ಮನಿರುವ ಹೆಂಗಸಲ್ಲ ನಾನು. ಎಡಗೈಯನ್ನೂ ಚಾಚಿದೆ. ಅದು ನಡುಗಿತು. ಚೀಲದಿಂದ ಡಬ್ಬಿ ತೆಗೆದು ಮೇಜಿನ ಮೇಲಿಟ್ಟು, ನಡೆದದ್ದನ್ನೆಲ್ಲ ಹೇಳಿದೆ.

ತಮ್ಮ ನನ್ನ ಎಡಗೈಯನ್ನೇ ನೋಡುತ್ತ ಕುಳಿತ. ಆಮೇಲೆ ಎದ್ದು ಹೋಗಿ ಬಾಗಿಲು ಹಾಕಿ ಬಂದ. ಜೇಬಿನಿಂದ ತನ್ನ ಎಡಗೈ ತೆಗೆದು ನನ್ನ ಕೈಯ ಪಕ್ಕದಲ್ಲಿಟ್ಟ. ಅದೂ ನಡುಗುತ್ತಿತ್ತು, ನನ್ನದಕ್ಕಿಂತ ಜೋರಾಗಿ. ಮೂರು ವರ್ಷದ ಹಿಂದೆ, ಮಾಲೀಕನಾದವನಿಗೆ ಪುರುಸೊತ್ತೆಲ್ಲಿ ಎಂದು ಅವನು ಕುಂಚ ಕೆಳಗಿಟ್ಟಿದ್ದ. ತಲೆ ತಿರುಗಿದೆ ಇವನಿಗೆ ಎಂದು ನೆಂಟರ ಮುಂದೆಲ್ಲ ಆಡಿಕೊಂಡಿದ್ದೆ.

"ಅಕ್ಕಾ," ಎಂದ, "ನಿಮ್ಮತ್ತೆ ಇನ್ನೊಂದು ಡಬ್ಬಿ ಯಾವಾಗ ಮುಗಿಸ್ತಾರೆ?"