ಮೂರನೇ ಸಲ ಹಿಡಿದ ಹೊಲಿಗೆ

ಮಗಳ ಬ್ಲೌಸಿನ ಬದಿಯ ಹೊಲಿಗೆ ಅರ್ಧ ಆಗಿತ್ತು. ಮುಕ್ತಾ ಮಶೀನು ನಿಲ್ಲಿಸಿ ಬಟ್ಟೆಯನ್ನು ಮಗುಚಿ ನೋಡಿದಳು. ಒಳಗೆ ಎರಡು ಹಳೆಯ ಹೊಲಿಗೆಗಳಿದ್ದವು. ಒಂದು ದೀಪಾವಳಿಗೆ ಹಾಕಿದ್ದು, ಒಂದು ಸಂಕ್ರಾಂತಿಗೆ. ಈಗ ಶಿವರಾತ್ರಿ ಕಳೆದು ಮೂರನೆಯದು. ಪ್ರತಿ ಸಲವೂ ಒಂದು ಬೆರಳು ಒಳಗೆ.

ಭಾನುವಾರ ಸೊಲ್ಲಾಪುರದಿಂದ ಮಗಳು ಶೈಲಶ್ರೀಯನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಇಪ್ಪತ್ತಮೂರರ ಹುಡುಗಿ, ಮುಂಬಯಿ ಪಕ್ಕದ ಡೊಂಬಿವಲಿಯಿಂದ ಐರೋಲಿಯ ಆಫೀಸಿಗೆ ದಿನವೂ ಓಡಾಟ. ಲೋಕಲ್ ರೈಲಿನ ನೂಕಾಟಕ್ಕೇ ಸೊರಗಿದ್ದಾಳೆ ಎಂದುಕೊಂಡಿದ್ದಳು ಮುಕ್ತಾ. ಬೆಳಿಗ್ಗೆ ದಿಂಬು ಬೆವರಿನಿಂದ ಒದ್ದೆಯಾಗಿರುವುದು ಸೆಕೆಗೆ. ಕುತ್ತಿಗೆಯ ಪಕ್ಕದ ಗಂಟು ಭಾರದ ಬ್ಯಾಗಿಗೆ. ಆದರೆ ಜನವರಿಯ ಚಳಿಯಲ್ಲೂ ದಿಂಬು ಒದ್ದೆಯಾಗಿತ್ತಲ್ಲ? ಬ್ಯಾಗು ಹಾಕುವುದು ಇನ್ನೊಂದು ಭುಜಕ್ಕಲ್ಲವೆ? ಬಿಡಿಬಿಡಿಯಾಗಿ ಎಲ್ಲಕ್ಕೂ ಕಾರಣ ಸಿಗುತ್ತಿತ್ತು. ಒಟ್ಟಿಗೆ ಇಟ್ಟು ನೋಡಿದರೆ ತಲೆ ಗೊಂದಲವಾಗುತ್ತಿತ್ತು.

ಗಂಟಿಗೆ ಎರಡು ತಿಂಗಳಾಗಿತ್ತು. ಹತ್ತಿರದ ಡಾಕ್ಟರು ಎರಡು ಸಲ ಮಾತ್ರೆ ಕೊಟ್ಟು, ಈ ವಯಸ್ಸಿಗೆ ಹೆದರುವಂಥದ್ದೇನಿಲ್ಲ ಎಂದಿದ್ದರು. "ಮಮ್ಮಿ, ಟೆನ್ಶನ್ ಮತ್ ಲೇ," ಎಂದು ಹಿಂದಿಯಲ್ಲೇ ಸಮಾಧಾನ ಹೇಳಿ ಶೈಲಶ್ರೀ ಗಾಡಿ ಹಿಡಿಯಲು ಓಡುತ್ತಿದ್ದಳು.

ಅತ್ತೆ ಶರಣಬಸಮ್ಮನದು ಬೇರೆಯೇ ಲೆಕ್ಕ. "ತೆಳ್ಳಗ ಆಗ್ಯಾಳಂದ್ರ ಛಲೋನೇ ಆಯ್ತಲ್ಲ. ಸೆರಗು ಕುತ್ತಿಗಿ ತನಕ ಹೊಚ್ಚಿ ಕೂಡ್ಸು, ಗಂಟು ಯಾರಿಗಿ ಕಾಣ್ತದ?"

ಅಷ್ಟರಲ್ಲಿ ಎದುರು ಫ್ಲ್ಯಾಟಿನ ಜಯಲತಾ, ಹೊಲಿಯಲು ಕೊಟ್ಟಿದ್ದ ತನ್ನ ಬ್ಲೌಸು ಒಯ್ಯಲು ಬಂದಳು. ಉಡುಪಿ ಕಡೆಯವಳು, ಕಲ್ಯಾಣದ ಆಸ್ಪತ್ರೆಯೊಂದರಲ್ಲಿ ನರ್ಸು. ಮಶೀನಿನ ಮೇಲಿದ್ದ ಬಟ್ಟೆಯ ಮೂರು ಹೊಲಿಗೆಗಳ ಮೇಲೆ ಬೆರಳಾಡಿಸಿ, ಹುಡುಗಿ ಊಟ ಬಿಟ್ಟಿದ್ದಾಳೆಯೇ ಎಂದು ಕೇಳಿದಳು. ಇಲ್ಲ ಎಂದಳು ಮುಕ್ತಾ. ಮತ್ತೆ ಬೆವರು, ಗಂಟು, ಒಂದೊಂದಾಗಿ ಎಲ್ಲ ಹೊರಬಂತು.

"ಮುಕ್ತಕ್ಕ, ಇದೆಲ್ಲ ಡಾಕ್ಟರಿಗೆ ಒಟ್ಟಿಗೆ ಹೇಳಿದ್ದೀರಾ?"

ಹೇಳಿರಲಿಲ್ಲ. ಗಂಟು ಮಾತ್ರ ತೋರಿಸಿದ್ದರು.

"ಪ್ರಾಯದವರಿಗೂ ಕ್ಯಾನ್ಸರ್ ಬರುವುದುಂಟು. ಇದು ಅದೇ ಅಂತ ನಾನು ಹೇಳುವುದಿಲ್ಲ. ಟಿಬಿ ಇರಬಹುದು, ಎಂತ ಇಲ್ಲದೆಯೂ ಇರಬಹುದು. ಮೂರು ವಾರವಾದರೂ ಹೋಗದ ಗಂಟನ್ನು ಪರೀಕ್ಷೆ ಮಾಡಿಸಬೇಕು, ಅಷ್ಟೇ. ಬೇಗ ಗೊತ್ತಾಗಿ ಗುಣವಾದವರು, ಮದುವೆಯಾಗಿ ಮಕ್ಕಳನ್ನು ಎತ್ತಿಕೊಂಡು ನಮ್ಮ ಆಸ್ಪತ್ರೆಗೆ ಬರ್ತಾರೆ."

"ಸೂಜಿ ಚುಚ್ಚಿದ್ರ ಬ್ಯಾನಿ ಮೈತುಂಬ ಹರಡ್ತದ ಅಂತಾರ," ಎಂದಳು ಶರಣಬಸಮ್ಮ.

"ಪರೀಕ್ಷೆಯ ಸೂಜಿಗೆ ಹೆದರಬೇಡಿ ಅಮ್ಮ. ನಾವು ಕಾದು ಕೂತರೆ ರೋಗ ಕಾಯುವುದಿಲ್ಲ."

"ದವಾಖಾನಿಗಿ ಹೋದದ್ದು ಸೊಲ್ಲಾಪುರದವರಿಗಿ ತಿಳೀತಂದ್ರ?"

ಜಯಲತಾ ತನ್ನ ಬ್ಲೌಸು ಎತ್ತಿಕೊಂಡಳು. ಅವಳು ಹೋದ ಮೇಲೂ ಆ ಪ್ರಶ್ನೆ ಮನೆಯಲ್ಲೇ ಉಳಿಯಿತು. ಪರೀಕ್ಷೆ ಮಾಡಿಸಿ ಏನೂ ಇರದಿದ್ದರೆ, ಬಂದ ಸಂಬಂಧವನ್ನು ಸುಮ್ಮನೆ ಕೆಡಿಸಿದಂತಲ್ಲವೆ? ಏನಾದರೂ ಇದ್ದರೆ? ಮೊದಲು ಭಾನುವಾರ ಕಳೆಯಲಿ ಎಂದು ಮುಕ್ತಾಳಿಗೆ ಅನ್ನಿಸಿತು. ದೀಪಾವಳಿಯಲ್ಲೂ ಮಗಳು ಸೊರಗಿದ್ದು ಕಂಡು, ಹಬ್ಬ ಕಳೆಯಲಿ ಅಂದುಕೊಂಡಿದ್ದು ನೆನಪಾಯಿತು.

ಮುಕ್ತಾ ಬ್ಲೇಡು ತೆಗೆದುಕೊಂಡು ಅರ್ಧ ಹಾಕಿದ್ದ ಹೊಲಿಗೆಯನ್ನು ಬಿಚ್ಚಿದಳು. ಶನಿವಾರ ಮಗಳನ್ನು ಕರೆದುಕೊಂಡು ಟಿಟ್ವಾಳಾದ ಗಣಪತಿ ಗುಡಿಗೆ ಹೋಗಿಬರುತ್ತೇನೆ ಎಂದಳು. ಕನ್ಯೆ ನೋಡುವ ಮುಂಚೆ ಒಳ್ಳೆಯದೇ ಎಂದು ಅತ್ತೆ ಖುಷಿಪಟ್ಟಳು. ಗಾಡಿ ಟಿಟ್ವಾಳಾ ಮುಟ್ಟುವ ಮೊದಲು ಜಯಲತಾಳ ಆಸ್ಪತ್ರೆಯಿರುವ ಕಲ್ಯಾಣ ಬರುತ್ತದೆ. ಅಲ್ಲೇ ಇಳಿಯುವುದೆಂದು ನಿರ್ಧರಿಸಿದ್ದನ್ನು ಮುಕ್ತಾ ಯಾರಿಗೂ ಹೇಳಲಿಲ್ಲ.

ಅವಳು ಹೇಳದೆ ಹೋಗಬೇಕಾಯಿತು. ನೀವು ಹೇಳಿಯೇ ಹೋಗಿ, ಅಕ್ಕತಂಗಿಯರೇ. ಕರಗದ ಗಂಟು, ಚಳಿಯಲ್ಲೂ ಬೆವರು, ಬಿಡದ ಜ್ವರ, ಕಾರಣವಿಲ್ಲದೆ ಇಳಿಯುವ ತೂಕ ಇದ್ದರೆ ಎಲ್ಲವನ್ನೂ ಒಟ್ಟಿಗೆ ಡಾಕ್ಟರಿಗೆ ಹೇಳಿ. ಮಾತ್ರೆಗೆ ವಾಸಿಯಾಗದಿದ್ದರೆ ಮತ್ತೆ ಹೋಗಿ, ಮುಂದಿನ ಪರೀಕ್ಷೆ ಏನೆಂದು ಕೇಳಿ. ಮನೆಯ ಮಕ್ಕಳ ಬಟ್ಟೆ ತಾನಾಗಿ ಸಡಿಲಾದರೆ, ಹೊಲಿಗೆ ಹಿಡಿಯುವ ಮೊದಲು ಮಗುವನ್ನು ಡಾಕ್ಟರಿಗೆ ತೋರಿಸಿ.