ನಿಂಬೆ ಶೆಡ್ಡಿನ ಹಾಜರಿ

ಪ್ರತಿ ತಿಂಗಳ ಎರಡನೆಯ ರವಿವಾರ ಝಳಕಿಯ ಒಂದು ನಿಂಬೆಹಣ್ಣಿನ ಶೆಡ್ಡಿನಲ್ಲಿ ಹಾಜರಿ ಕರೆಯುತ್ತಾರೆ. ಕರೆಯುವವರು ಮೋದಿನಸಾಬರು. ಇಪ್ಪತ್ತನಾಲ್ಕು ವರ್ಷ ಸೈನ್ಯದ ದವಾಖಾನೆಗಳಲ್ಲಿ ಕೆಲಸ ಮಾಡಿ ಹವಾಲ್ದಾರರಾಗಿ ನಿವೃತ್ತರಾದವರು. ಶೆಡ್ಡು ಅವರದೇ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಮಾಜಿ ಸೈನಿಕರು ಮೊದಲ ಬಸ್ಸಿಗೆ ಬರುತ್ತಾರೆ. ಬಿಪಿ, ಸಕ್ಕರೆ ನೋಡಿಸಿಕೊಳ್ಳುತ್ತಾರೆ. ಆಮೇಲೆ ಸಾಲಾಗಿ ಕುಳಿತು, ಚಪ್ಪಲಿ ಬಿಟ್ಟು, ಬೋರಲು ಹಾಕಿದ ಕ್ರೇಟಿನ ಮೇಲೆ ಒಂದೊಂದೇ ಕಾಲು ಇಡುತ್ತಾರೆ. ದೂರ ನಡೆದು ಬಂದ ಸಿಪಾಯಿಗಳ ಕಾಲು ಪರೀಕ್ಷಿಸುವುದು ಸೈನ್ಯದ ಪದ್ಧತಿಯಂತೆ. ಮೋದಿನಸಾಬರು ಅದನ್ನು ಇಲ್ಲಿಯೂ ಬಿಟ್ಟಿಲ್ಲ. ಮೊದಲು ಚಪ್ಪಲಿಯೊಳಗೆ ಕೈಹಾಕಿ ನೋಡುತ್ತಾರೆ, ಆಮೇಲೆ ಕಾಲು.

“ಬಸಣ್ಣಾ, ಇದು ಕಾಲೋ ಬಿರುಕ ಬಿಟ್ಟ ಹೊಲಾನೋ?”

“ಹೊಲಾನ ಅನ್ಕೋರಿ ಸಾಹೇಬ್ರ. ಕಾಲುವಿ ನೀರ ಇನ್ನೂ ಬಂದಿಲ್ಲ.”

“ಮನ್ಯಾಗ ನಳ ಐತೆಲ್ಲೋ. ಅದನ್ನರೆ ಬಿಡು.”

ಸತ್ತವರ ಹೆಸರನ್ನು ಅವರು ಹಾಜರಿಯಿಂದ ತೆಗೆಯುವುದಿಲ್ಲ. ಹೆಸರಿನ ಮುಂದೆ ‘ಮನಿ’ ಎಂದು ಸೇರಿಸುತ್ತಾರೆ. ಮನೆಯವರು ಎದ್ದು ಉತ್ತರ ಕೊಡಬೇಕು.

“ನಾಯಕ ಪಾರ್ಥ ಕುಲಕರ್ಣಿ, ಮನಿ?”

“ಎಲ್ಲಾ ಆರಾಮ ಅದರಿ,” ಎನ್ನುತ್ತಿದ್ದರು ನನ್ನ ಅತ್ತೆ ಗೋದೂಬಾಯಿ.

ಪಾರ್ಥ ನನ್ನ ಗಂಡ, ಸೈನ್ಯದಲ್ಲಿ ನಾಯಕ ಹುದ್ದೆಯಲ್ಲಿದ್ದ. ಅವನು ಹೋದ ಮೇಲೆ ಮೋದಿನಸಾಬರು ಇಂಡಿಯ ನಮ್ಮ ಮನೆಗೆ ಬಂದು ನಮ್ಮಿಬ್ಬರನ್ನೂ ಶೆಡ್ಡಿಗೆ ಕರೆದಿದ್ದರು. ನಾನು ಧಾರವಾಡದಲ್ಲಿ ಎಂ.ಎ. ಓದಿದವಳೆಂದು ತಿಳಿದು ರಜಿಸ್ಟರ್ ಬರೆಯುವ ಕೆಲಸ ಕೊಟ್ಟರು. ಮಾತಾಡುವ ಅಗತ್ಯವಿರಲಿಲ್ಲ. ಏಳು ತಿಂಗಳು ನಮ್ಮ ಮನೆಯ ಹೆಸರಿನ ಮುಂದೆ ‘ಆರಾಮ’ ಎಂದು ಬರೆದೆ.

ಎಂಟನೆಯ ತಿಂಗಳು ಹೊರಡುವ ದಿನ ಬೆಳಿಗ್ಗೆ ಬಚ್ಚಲಿನಿಂದ ತುಳಸಿಕಟ್ಟೆಯವರೆಗೆ ಕಲ್ಲಿನ ಮೇಲೆ ಕಂದು ಕಲೆಗಳಿದ್ದವು.

“ಕುಂಕುಮದ ನೀರು ಚೆಲ್ಲೇದ,” ಎಂದರು ಅತ್ತೆ.

ಕುಂಕುಮಕ್ಕೆ ಆ ವಾಸನೆ ಇರುವುದಿಲ್ಲ. ನಾನು ಅಲ್ಲಿಯೇ ನಿಂತೆ. ಕೊನೆಗೆ ಅವರು ಸೀರೆಯ ಅಂಚು ಎತ್ತಿದರು. ಬಲಗಾಲಿನ ಕಿರುಬೆರಳಿಗೆ ಹಳೆಯ ಬಟ್ಟೆ ಸುತ್ತಿದ್ದರು.

“ಹದಿನೈದ ದಿನ ಆತು. ನೋವೇ ಇಲ್ಲ ನೋಡು. ನೋವಿಲ್ಲಂದ್ರ ಏನೂ ಇಲ್ಲ.”

“ಅತ್ಯಾ, ನಿಮಗ ಸಕ್ಕರಿ ಅದ. ದವಾಖಾನಿಗೆ ಹೋಗೋಣು.”

“ಮುಂದಿನ ವಾರ ನೋಡೋಣಂತ. ಅಲ್ಲಿ ಹವಾಲ್ದಾರ್ರ ಮುಂದ ಹೇಳಬ್ಯಾಡ.”

ನಾನು ತಲೆಯಾಡಿಸಿದೆ. ಆ ದಿನಗಳಲ್ಲಿ ಎಲ್ಲದಕ್ಕೂ ತಲೆಯಾಡಿಸುತ್ತಿದ್ದೆ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತಾಗ ಪಾರ್ಥನ ಕೊನೆಯ ಫೋನು ನೆನಪಾಯಿತು. ಹಿಮದ ಪೋಸ್ಟಿನಿಂದ ಮಾಡಿದ್ದ. “ಎರಡ ದಿನದಿಂದ ಕೆಮ್ಮು ಅದ ವಸು. ಮಲಗಿದ್ರ ದಮ್ಮು ಹತ್ತತದ. ಆಯಿಗೆ ಹೇಳಬ್ಯಾಡ.” ನಾನು ಅತ್ತೆಗೆ ಹೇಳಲಿಲ್ಲ. ಅವನು ತನ್ನ ಡಾಕ್ಟರರಿಗೂ ಹೇಳಿರಲಿಲ್ಲ. ಕೇಳಿದಾಗ ಠೀಕ್ ಇದ್ದೇನೆ ಎಂದಿದ್ದನಂತೆ. ಎತ್ತರದ ಜಾಗದಲ್ಲಿ ಪುಪ್ಪುಸದಲ್ಲಿ ನೀರು ತುಂಬುತ್ತದೆ, ಬೇಗ ಕೆಳಗೆ ಇಳಿಸಿದರೆ ಬದುಕುತ್ತಾರೆ ಎಂದು ಆಮೇಲೆ ಓದಿ ತಿಳಿದೆ. ಅತ್ತೆಯೂ ಅವನಿಗೆ ಫೋನಿನಲ್ಲಿ ತಮ್ಮ ಸಕ್ಕರೆಯ ಬಗ್ಗೆ ಒಮ್ಮೆಯೂ ಹೇಳಿರಲಿಲ್ಲ. ಗಡಿಯಲ್ಲಿರುವವನಿಗೆ ಚಿಂತೆ ಹಚ್ಚಬಾರದು ಎನ್ನುತ್ತಿದ್ದರು. ನಾನು ಸೊಸೆಯಾಗಿ ಬಂದ ಮೇಲಿನ ಹನ್ನೊಂದು ವರ್ಷ ಆ ಮನೆಯಲ್ಲಿ ಎಲ್ಲರೂ ಎಲ್ಲರಿಗೂ ಆರಾಮ ಎಂದು ಹೇಳಿದ್ದರು.

ಶೆಡ್ಡಿನಲ್ಲಿ ಹಾಜರಿ ಶುರುವಾಯಿತು.

“ನಾಯಕ ಪಾರ್ಥ ಕುಲಕರ್ಣಿ, ಮನಿ?”

“ಎಲ್ಲಾ ಆರಾಮ ಅದರಿ.”

ನಾನು ಪೆನ್ನು ಕೆಳಗಿಟ್ಟೆ. ಮೋದಿನಸಾಬರು ಮುಂದಿನ ಹೆಸರು ಓದಲು ಹೋದವರು ನನ್ನ ಕಡೆ ನೋಡಿದರು.

“ಬರಿ, ಮಗಳ.”

“ಆರಾಮ ಇಲ್ರಿ,” ಎಂದೆ. ಎಂಟು ತಿಂಗಳಲ್ಲಿ ಅಲ್ಲಿ ನಾನು ಆಡಿದ ಮೊದಲ ಮಾತು ಅದು. “ಅವರ ಕಾಲಾಗ ಗಾಯ ಅದ. ಕೊಳತದ.”

“ವಸುಧಾ!” ಅತ್ತೆಯ ಮುಖ ಕೆಂಪಾಯಿತು. “ತಲಿ ಆಡಿಸಿದ್ದಿ ನೀನು.”

“ಹೂಂ ಅತ್ಯಾ. ಆಡಿಸಿದ್ದೆ.”

ಮೋದಿನಸಾಬರು ಕನ್ನಡಕ ಹಾಕಿಕೊಂಡು ಕ್ರೇಟು ಎತ್ತಿಕೊಂಡು ಬಂದರು. ಅತ್ತೆ ಕಾಲನ್ನು ಸೀರೆಯೊಳಗೆ ಎಳೆದುಕೊಂಡರು.

“ಬ್ಯಾಡ್ರಿ ಹವಾಲ್ದಾರ್ರ. ನೀವು ನನಗಿಂತ ಹಿರೇರು. ನನ್ನ ಕಾಲ ನೀವು ಮುಟ್ಟೂದಂದ್ರೇನು?”

“ಬಾಯಾರ, ನಾ ಬ್ರಿಗೇಡಿಯರ್ ಸಾಹೇಬ್ರ ಕಾಲೂ ಹಿಡದೇನಿ. ದೊಡ್ಡ ಮಂದಿ ಕಾಲು ಭಾಳ ನಾರ್ತಾವ್ರಿ. ನಿಮ್ಮವೇನೂ ಅಲ್ಲ.”

ಯಾರೋ ನಕ್ಕರು. ಅತ್ತೆ ನಗಲಿಲ್ಲ. ಕಾಲನ್ನೂ ಹೊರಗೆ ಚಾಚಲಿಲ್ಲ.

“ಮೊದಲ ಚಪ್ಪಲಿ ಕೊಡ್ರಿ. ಮುಟ್ಟಾಕ ಚಪ್ಪಲಿಗೇನ ವಯಸ್ಸೈತಿ?”

ಅತ್ತೆ ಚಪ್ಪಲಿಯನ್ನು ಎರಡೂ ಕೈಯಿಂದ ಎದೆಗೆ ಒತ್ತಿಕೊಂಡರು. ಆಗ ನಾನು ಅವನ್ನು ಸರಿಯಾಗಿ ನೋಡಿದೆ. ಗಂಡಸರ ಚಪ್ಪಲಿ. ಕೊನೆಯ ರಜೆಯಲ್ಲಿ ಪಾರ್ಥ ಕೊಂಡು ಮನೆಯಲ್ಲಿ ಬಿಟ್ಟು ಹೋದವು. ಅತ್ತೆ ಅವಕ್ಕೆ ಹಿಂದೆ ಪಟ್ಟಿ ಹೊಲಿಸಿ, ಬದಿಗೆ ಮೊಳೆ ಹೊಡೆಸಿ ಚಿಕ್ಕದು ಮಾಡಿಸಿದ್ದರು. ಒಂದೇ ಮನೆಯಲ್ಲಿದ್ದೂ ನನಗೆ ಕಂಡಿರಲಿಲ್ಲ.

“ಹೇಳಿದ್ರ ನೀವು ಇವನ್ನ ಕಸಗೋತೀರಿ,” ಎಂದರು. “ಅದಕ್ಕ ಹೇಳಲಿಲ್ಲ.”

ಮೋದಿನಸಾಬರು ನೆಲಕ್ಕೆ ಕುಳಿತರು. ಮೊಳಕಾಲು ನೋವಿನವರು, ಕುಳಿತರೆ ಏಳಲು ಇಬ್ಬರು ಬೇಕು.

“ಕಸಗೊಳ್ಳಂಗಿಲ್ರಿ. ಸಿಪಾಯಿ ಸಾಮಾನ ಸಿಪಾಯಿ ಮನಿಗೇ ಹೋಗಬೇಕು, ಅದು ರೂಲ್. ಬರೇ ಒಳಗ ಕೈ ಹಾಕಿ ನೋಡ್ತೇನಿ.”

ಅತ್ತೆ ಕೊಟ್ಟರು. ಅವರು ಒಳಗೆ ಬೆರಳಾಡಿಸಿ ಒಂದು ಕಡೆ ನಿಲ್ಲಿಸಿದರು. ಬೆರಳ ತುದಿಯಲ್ಲಿ ರಕ್ತ ಬಂತು. ಬದಿಯ ಮೊಳೆ ಒಳಗೆ ತೂರಿತ್ತು, ಕಿರುಬೆರಳು ಇರುವ ಜಾಗದಲ್ಲೇ.

“ದಿನಾ ಇದರ ಮ್ಯಾಲೆ ನಡದೀರಿ?”

“ನನಗೇನೂ ಗೊತ್ತಾಗಲಿಲ್ರಿ.”

“ಗೊತ್ತಾಗಂಗಿಲ್ಲ. ಸಕ್ಕರಿ ಹೆಚ್ಚಾದ್ರ ಕಾಲು ಸುದ್ದಿ ಹೇಳೂದ ಬಿಡತಾವು. ಠೀಕ್ ಅದೇನಿ ಅಂದವ್ರನ್ನ ನಾ ಹೆಗಲ ಮ್ಯಾಲೆ ಹೊತ್ತು ಗುಡ್ಡಾ ಇಳಿಸೇನ್ರಿ, ಬಾಯಾರ. ಕೆಲವರು ದಾರ್ಯಾಗ ಮುಗದ್ರು. ಆರಾಮ ಅನ್ನೂದು ಸುದ್ದಿ ಅಲ್ಲ.”

ಅತ್ತೆ ಸ್ವಲ್ಪ ಹೊತ್ತು ಅವರ ಬೆರಳಿನ ರಕ್ತ ನೋಡಿದರು. ನಂತರ ಬಲಗಾಲನ್ನು ಕ್ರೇಟಿನ ಮೇಲೆ ಇಟ್ಟರು. ಹತ್ತು ಜನ ಗಂಡಸರ ಮುಂದೆ, ಸೀರೆ ಕಣಕಾಲಿನ ಮೇಲಕ್ಕೆ ಸರಿಸಿ, ತಲೆ ತಗ್ಗಿಸದೆ ಕುಳಿತರು. ಹೊರಗಿನವರ ಮೈ ಸೋಕಿದರೆ ಮತ್ತೆ ಸ್ನಾನ ಮಾಡುತ್ತಿದ್ದವರು. ಆ ಕಾಲನ್ನು ಇಡುವುದು ಅವರಿಗೆ ಎಷ್ಟು ಕಷ್ಟವಾಗಿತ್ತು ಎಂದು ನನಗೆ ಗೊತ್ತು. ಬಟ್ಟೆ ಬಿಚ್ಚುವಾಗ ಮಾಜಿ ಸೈನಿಕರೆಲ್ಲ ಮುಖ ಆಚೆ ತಿರುಗಿಸಿಕೊಂಡರು. ಯಾರೂ ಹೇಳಿರಲಿಲ್ಲ.

ಕಿರುಬೆರಳು ಕಪ್ಪಾಗಿತ್ತು.

ಆ ದಿನವೇ ನಿಂಬೆ ಸಾಗಿಸುವ ಟೆಂಪೋದಲ್ಲಿ ವಿಜಯಪುರಕ್ಕೆ ಹೋದೆವು. ಮೋದಿನಸಾಬರು ಮುಂದೆ ಕುಳಿತರು. ಡಾಕ್ಟರರು ಕಿರುಬೆರಳು ತೆಗೆದರು. ಇನ್ನೊಂದು ವಾರವಾಗಿದ್ದರೆ ಪಾದವೇ ಹೋಗುತ್ತಿತ್ತು ಎಂದರು. ಒಂಬತ್ತು ದಿನ ದವಾಖಾನೆಯಲ್ಲಿ ಇದ್ದೆವು. ಮೋದಿನಸಾಬರ ಹೆಂಡತಿ ಶಮ್ಶುನ್ನೀಸಾ ಎರಡು ಸಲ ಬಂದರು, ಬಾಳೆಹಣ್ಣು, ಕಿತ್ತಳೆ ತಂದರು.

“ಅಡಿಗಿ ತಂದಿಲ್ರಿ, ನಿಮ್ಮ ಮಡಿ ನನಗ ಗೊತ್ತೈತಿ. ಇವಕ್ಕ ಸಿಪ್ಪಿ ಅದಾವು. ನೀವ ಸುಲಕೊಂಡ ತಿನ್ರಿ.”

ಅತ್ತೆ ಕಿತ್ತಳೆ ಸುಲಿದು ಮೊದಲ ತೊಳೆಯನ್ನು ಅವರಿಗೇ ಕೊಟ್ಟರು.

ಮುಂದಿನ ಎರಡನೆಯ ರವಿವಾರ ಬರುವುದು ಬೇಡ ಎಂದು ನಾನು ಅತ್ತೆಗೆ ಹೇಳಿದೆ. ಕೇಳಲಿಲ್ಲ. ಮೆತ್ತನೆಯ ಹೊಸ ಚಪ್ಪಲಿ ಹಾಕಿಕೊಂಡು, ಕೋಲು ಹಿಡಿದು ಬಂದರು. ಪಾರ್ಥನ ಚಪ್ಪಲಿಯ ಮೊಳೆಯನ್ನು ಮೋದಿನಸಾಬರೇ ಕಿತ್ತು, ಒರೆಸಿ ಹಿಂತಿರುಗಿಸಿದ್ದರು. ಅವು ಈಗ ನಮ್ಮ ಮನೆಯ ಬಾಗಿಲ ಒಳಗಿವೆ.

“ನಾಯಕ ಪಾರ್ಥ ಕುಲಕರ್ಣಿ, ಮನಿ?”

ಅತ್ತೆ ಕೋಲೂರಿ ಎದ್ದರು.

“ಸಕ್ಕರಿ ನೂರಾ ಅರವತ್ತೆಂಟು. ಬಿಪಿ ಗುಳಿಗಿ ಒಂದಿನ ಮರ್ತೆ. ಗಾಯ ಒಣಗೇದ, ಒಂದ ಬದಿ ಇನ್ನೂ ಹಸಿ ಅದ. ಮನ್ಯಾಗ ಅಳ್ತೇನಿ, ಮಧ್ಯಾಹ್ನ.”

“ಶಾಬ್ಬಾಸ್,” ಎಂದರು ಮೋದಿನಸಾಬರು. “ಇದು ಸುದ್ದಿ.”

“ಇನ್ನೂ ಮುಗದಿಲ್ರಿ. ನನ್ನ ಸೊಸಿ ಎರಡ ತುತ್ತ ಉಂಡು ಏಳ್ತಾಳ. ಪುಸ್ತಕ ತಗದ ಒಂದ ಹಾಳಿ ಹೊಳ್ಳಿಸಂಗಿಲ್ಲ. ಒಂದ ದಿನಾನೂ ಅತ್ತಿಲ್ಲ. ಅಕಿ ಆರಾಮ ಇಲ್ರಿ.”

ನಾನು ಅಷ್ಟರಲ್ಲಿ ಎಲ್ಲವನ್ನೂ ಬರೆದಿದ್ದೆ. ಕೊನೆಯ ಸಾಲನ್ನೂ. ಬರೆದ ಮೇಲೆ ಅದು ಯಾರ ಬಗ್ಗೆ ಎಂದು ತಿಳಿಯಿತು.

ಮೋದಿನಸಾಬರು ರಜಿಸ್ಟರನ್ನು ನನ್ನ ಮುಂದಿನಿಂದ ಮೆಲ್ಲಗೆ ತೆಗೆದು ಬಸಣ್ಣನ ಕೈಗೆ ಕೊಟ್ಟರು. ಕ್ರೇಟನ್ನು ನನ್ನ ಕುರ್ಚಿಯ ಮುಂದೆ ಎಳೆದು ಇಟ್ಟರು.

“ಬಾ ಮಗಳ,” ಎಂದರು. “ಇವತ್ತ ನಿನ್ನ ಸರದಿ. ಅವಸರಿಲ್ಲ.”

ನಾನು ಚಪ್ಪಲಿ ಬಿಟ್ಟೆ.